ಡಿಸೆಂಬರಿನ ಕತ್ತಲೆಯಲ್ಲಿ ದೇಶ ಬಿಡುವ ತೀರ್ಮಾನ ಬೇಡ

ಪ್ರಶ್ನೆ: ನನಗೆ 32 ವರ್ಷ. ಊರು ತೀರ್ಥಹಳ್ಳಿಯ ಕಡೆ. ಪತಿಯ ಕೆಲಸದ ನಿಮಿತ್ತ ಎರಡು ವರ್ಷಗಳಿಂದ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿದ್ದೇವೆ. ಬೆಂಗಳೂರಿನಲ್ಲಿ ಉಪನ್ಯಾಸಕಿಯಾಗಿದ್ದ ನನಗೆ ಇಲ್ಲಿ ಇನ್ನೂ ಕೆಲಸ ಸಿಕ್ಕಿಲ್ಲ. ಕಳೆದ ವರ್ಷ ನವೆಂಬರಿನಲ್ಲಿ ಶುರುವಾದ ಮಂಕು ಮಾರ್ಚಿನಲ್ಲಿ ತಾನಾಗಿ ಹೋಯಿತು; ಬೇಸಿಗೆಯಲ್ಲಿ ಚೆನ್ನಾಗಿಯೇ ಇದ್ದೆ. ಈ ವರ್ಷ ಮತ್ತೆ ಅದೇ. ಹತ್ತು ಗಂಟೆ ಮಲಗಿದರೂ ದಣಿವು ಹೋಗುವುದಿಲ್ಲ, ಸದಾ ಅನ್ನ, ಬ್ರೆಡ್ಡು, ಸಿಹಿ ತಿನ್ನಬೇಕೆನಿಸುತ್ತದೆ, ಅಮ್ಮನ ಫೋನ್ ಬಂದರೆ ಎತ್ತಲು ಮನಸ್ಸಾಗುವುದಿಲ್ಲ. ಆಗುಂಬೆ ಸೀಮೆಯ ಮಳೆಯಲ್ಲಿ ವಾರಗಟ್ಟಲೆ ಬಿಸಿಲು ಕಾಣದೆ ಬೆಳೆದವಳಿಗೆ ಇದನ್ನು ಸಹಿಸಲು ಏಕಾಗುತ್ತಿಲ್ಲ? ಪತಿಗೆ ಏನೂ ಆಗಿಲ್ಲ. 'ಮನೆಯಲ್ಲೇ ಕೂತು ಕೂತು ಹೀಗಾಗಿದ್ದೀಯ' ಎನ್ನುತ್ತಾರೆ. 'ಒಂದು ಮಗುವಾದರೆ ಎಲ್ಲ ಸರಿಹೋಗುತ್ತದೆ' ಎನ್ನುವುದು ಅತ್ತೆಯವರ ಮಾತು. ಜನವರಿಯಲ್ಲಿ ಇಲ್ಲಿಯೇ ಮನೆ ಕೊಳ್ಳುವ ಯೋಚನೆ ನಡೆದಿದೆ. ನನಗೋ ಎಲ್ಲ ಬಿಟ್ಟು ಊರಿಗೆ ಬಂದುಬಿಡೋಣವೆನಿಸುತ್ತದೆ. ನಾನು ಸೋಮಾರಿಯೇ, ಅಥವಾ ಇದು ಕಾಯಿಲೆಯೇ?
– ಹೆಸರು ಬೇಡ, ಸ್ಟಾಕ್‌ಹೋಮ್

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲಿಯೇ ಇದೆ. ಕಳೆದ ವರ್ಷದ ಮಂಕು ಮಾರ್ಚಿನಲ್ಲಿ ತಾನಾಗಿ ಹೋಯಿತು ಎಂದು ಬರೆದಿದ್ದೀರಿ. ಸೋಮಾರಿತನಕ್ಕೆ ಪಂಚಾಂಗ ಗೊತ್ತಿರುವುದಿಲ್ಲ. ಅದು ನವೆಂಬರಿನಲ್ಲಿ ಬಂದು ಮಾರ್ಚಿನಲ್ಲಿ ಹೇಳದೆ ಹೊರಟುಹೋಗುವುದಿಲ್ಲ. ಸತತ ಎರಡು ವರ್ಷ ಚಳಿಗಾಲದಲ್ಲಿ ಮಾತ್ರ ಕಾಣಿಸಿಕೊಂಡು ಬೇಸಿಗೆಯಲ್ಲಿ ಪೂರ್ತಿ ಮಾಯವಾಗುವ ಇಂಥ ಕುಗ್ಗುವಿಕೆಯನ್ನು ವೈದ್ಯರು ಋತುಮಾನದ ಖಿನ್ನತೆ, ಅಂದರೆ ಸೀಸನಲ್ ಅಫೆಕ್ಟಿವ್ ಡಿಸಾರ್ಡರ್ ಎಂದು ಗುರುತಿಸುತ್ತಾರೆ. ಸಾಮಾನ್ಯವಾಗಿ ಖಿನ್ನತೆಗೊಳಗಾದವರಿಗೆ ನಿದ್ದೆ ಬಾರದು, ಊಟ ಸೇರದು. ಇದರಲ್ಲಿ ಬಹುಪಾಲು ಅದಕ್ಕೆ ತಿರುಗುಮುರುಗು: ನಿದ್ದೆ ಹೆಚ್ಚು, ಅನ್ನ ಮತ್ತು ಸಿಹಿಯ ಮೇಲಿನ ಆಸೆ ಹೆಚ್ಚು, ಮೈತೂಕವೂ ಹೆಚ್ಚು. ಹೀಗಾಗಿಯೇ ನೋಡುವವರ ಕಣ್ಣಿಗೆ ಇದು ಕಾಯಿಲೆಯಂತೆ ಕಾಣದೆ ಆಲಸ್ಯದಂತೆ ಕಾಣುತ್ತದೆ. ಇದನ್ನು 1984ರಲ್ಲಿ ಮೊದಲ ಬಾರಿಗೆ ವಿವರವಾಗಿ ವರ್ಣಿಸಿ ಹೆಸರಿಟ್ಟ ಮನೋವೈದ್ಯ ನಾರ್ಮನ್ ರೋಸೆಂತಾಲ್ ಅವರು ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಿಂದ ನ್ಯೂಯಾರ್ಕ್‌ಗೆ ಹೋಗಿ ನೆಲೆಸಿದವರು. ಅಲ್ಲಿನ ಚಳಿಗಾಲದಲ್ಲಿ ತಮ್ಮ ಉತ್ಸಾಹವೇ ಕುಸಿದದ್ದನ್ನು ಅವರು ಗಮನಿಸಿದ್ದರು. ಬಿಸಿಲಿನ ನಾಡಿನಿಂದ ಹೋದವರಿಗೆ ಅಲ್ಲಿಯ ಜನ ಗಮನಿಸದೆ ಬಿಟ್ಟದ್ದು ಕಾಣಿಸಿತೆಂದು ನನಗೆ ಅನಿಸುತ್ತದೆ.

ಆಗುಂಬೆಯ ಮಾತನ್ನು ನೀವು ಎತ್ತಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ನಿಮ್ಮನ್ನು ನೀವೇ ಹಳಿದುಕೊಳ್ಳಲು ಬಳಸುತ್ತಿರುವ ಸಾಕ್ಷ್ಯ ಅದು, ಮತ್ತು ಆ ಸಾಕ್ಷ್ಯವೇ ತಪ್ಪು. ಮಲೆನಾಡಿನ ಮಳೆಗಾಲದಲ್ಲಿ ಬಿಸಿಲು ಇರುವುದಿಲ್ಲ, ಆದರೆ ಬೆಳಕು ಇರುತ್ತದೆ. ಜುಲೈ ಮೊದಲ ವಾರದಲ್ಲಿ ಅಲ್ಲಿ ಹಗಲು ಹನ್ನೆರಡೂಮುಕ್ಕಾಲು ಗಂಟೆಗೂ ಹೆಚ್ಚು. ಎಷ್ಟೇ ಮೋಡ ಕವಿದಿರಲಿ, ಬೆಳಗಿನ ಆರೂಕಾಲಿನ ಹೊತ್ತಿಗೆ ಅಂಗಳ ಕಾಣಿಸುತ್ತದೆ. ಹಂಡೆಯ ಒಲೆಗೆ ಬೆಂಕಿ ಹಾಕಿ, ಕಂಬಳಿಕೊಪ್ಪೆ ಹೊದ್ದು ಕೊಟ್ಟಿಗೆಗೋ ತೋಟಕ್ಕೋ ಹೋಗುವಷ್ಟರಲ್ಲಿ ಕಣ್ಣಿಗೆ ಸಾವಿರಾರು ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ಬೆಳಕು ಬಿದ್ದಿರುತ್ತದೆ. ಜಗಲಿಯಲ್ಲಿ ಕುಳಿತು ಕೆಲಸ ಮಾಡುವವರೂ ಅರ್ಧ ಬಯಲಿನಲ್ಲಿ ಇದ್ದಂತೆಯೇ. ಸ್ಟಾಕ್‌ಹೋಮ್ ಇರುವುದು 59 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಸುಮಾರಿಗೆ ಅಲ್ಲಿ ಸೂರ್ಯ ಹುಟ್ಟುವುದು ಎಂಟೂಮುಕ್ಕಾಲಿಗೆ, ಮುಳುಗುವುದು ಮೂರು ಗಂಟೆಗೆ ಮೊದಲೇ. ಹಗಲೆಂಬುದು ಬರೀ ಆರು ಗಂಟೆ. ನಡು ಮಧ್ಯಾಹ್ನದಲ್ಲಿಯೂ ಅವನು ದಿಗಂತದಿಂದ ಏಳು ಡಿಗ್ರಿಯಷ್ಟು ಮಾತ್ರ ಮೇಲೆ ಬರುತ್ತಾನೆ, ಅಂದರೆ ಎದುರಿನ ಅಪಾರ್ಟ್‌ಮೆಂಟಿನ ಮರೆಯಲ್ಲಿಯೇ ದಿನ ಮುಗಿಸುತ್ತಾನೆ. ಮನೆಯೊಳಗಿನ ದೀಪಗಳ ಬೆಳಕು ಕೆಲವೇ ನೂರು ಲಕ್ಸ್. ಕಣ್ಣಿಗೆ ಅದು ಸಾಲುತ್ತದೆ, ಮೆದುಳಿನೊಳಗಿನ ಗಡಿಯಾರಕ್ಕೆ ಸಾಲುವುದಿಲ್ಲ.

ಆ ಗಡಿಯಾರದ ಕೆಲಸ ಹೀಗೆ. ಅಕ್ಷಿಪಟಲದಲ್ಲಿ ನೋಟಕ್ಕೆ ನೆರವಾಗುವ ಕೋಶಗಳಲ್ಲದೆ, ಸುತ್ತಲಿನ ಬೆಳಕು ಎಷ್ಟಿದೆ ಎಂಬುದನ್ನು ಮೆದುಳಿಗೆ ತಿಳಿಸುವ ಬೇರೆ ಕೋಶಗಳೂ ಇವೆ. ಬೆಳಗಿನ ಗಾಢ ಬೆಳಕು ಬಿದ್ದಾಗ ಅವು ಕಳಿಸುವ ಸಂದೇಶದಿಂದ ರಾತ್ರಿಯ ಹಾರ್ಮೋನಾದ ಮೆಲಟೋನಿನ್ ನಿಲ್ಲುತ್ತದೆ, ಮೈ ಹಗಲಿಗೆ ಸಜ್ಜಾಗುತ್ತದೆ. ಆ ಸಂದೇಶ ತಡವಾದರೆ, ಕೈಗಡಿಯಾರದಲ್ಲಿ ಹತ್ತು ಗಂಟೆಯಾಗಿದ್ದರೂ ದೇಹದ ಮಟ್ಟಿಗೆ ಅದಿನ್ನೂ ನಸುಕು. ಎಲ್ಲರ ಗಡಿಯಾರವೂ ಒಂದೇ ಪ್ರಮಾಣದಲ್ಲಿ ತಪ್ಪುವುದಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಈ ತೊಂದರೆ ಹೆಚ್ಚು. ಪತಿಯವರು ಬೆಳಿಗ್ಗೆ ಎದ್ದು ರೈಲು ಹಿಡಿಯಲು ನಡೆಯುತ್ತಾರೆ, ನಾಲ್ಕು ಜನರ ಜೊತೆ ಮಾತನಾಡುತ್ತಾರೆ. 'ಮನೆಯಲ್ಲೇ ಕೂತು ಹೀಗಾಗಿದ್ದೀಯ' ಎಂಬ ಅವರ ಮಾತಿನಲ್ಲಿ ಕಾಲು ಭಾಗ ನಿಜವಿದೆ. ಉಳಿದ ಮುಕ್ಕಾಲು ಭಾಗದಲ್ಲಿ ಅವರು ಪರಿಣಾಮವನ್ನೇ ಕಾರಣವೆಂದು ತಿಳಿದಿದ್ದಾರೆ.

ಮೊದಲು ನಿಮ್ಮ ಬಡಾವಣೆಯ ಆರೋಗ್ಯ ಕೇಂದ್ರಕ್ಕೆ, ಅಂದರೆ ಅಲ್ಲಿಯವರು ವೋರ್ಡ್‌ಸೆಂಟ್ರಾಲ್ ಎನ್ನುವಲ್ಲಿಗೆ, ಹೋಗಿ ಬನ್ನಿ. ಥೈರಾಯ್ಡ್ ಕುಂದಿದರೂ, ರಕ್ತಹೀನತೆಯಿದ್ದರೂ, ಸಸ್ಯಾಹಾರಿಗಳಲ್ಲಿ ಹೆಚ್ಚಾಗಿ ಕಾಣುವ ಬಿ12 ಕೊರತೆಯಿದ್ದರೂ ಇಂಥದೇ ದಣಿವು ಬರುತ್ತದೆ. ರಕ್ತಪರೀಕ್ಷೆಯಿಲ್ಲದೆ ಎಲ್ಲವನ್ನೂ ಸೂರ್ಯನ ತಲೆಗೆ ಕಟ್ಟುವುದು ಸರಿಯಲ್ಲ. 1177 ಸಂಖ್ಯೆಗೆ ಕರೆ ಮಾಡಿದರೆ ಎಲ್ಲಿಗೆ ಹೋಗಬೇಕೆಂದು ಹೇಳುತ್ತಾರೆ. ಬದುಕಿರುವುದೇ ಬೇಡವೆಂಬ ಯೋಚನೆ ಒಮ್ಮೆಯಾದರೂ ಸುಳಿದಿದ್ದರೆ ಅದನ್ನು ಪತಿಗೂ ವೈದ್ಯರಿಗೂ ಈ ದಿನವೇ ಹೇಳಿ. ಆ ಯೋಚನೆ ಬಲವಾದರೆ 112ಕ್ಕೆ ಕರೆ ಮಾಡಿ. ಪತ್ರದಲ್ಲಿ ಅದರ ಸುಳಿವಿಲ್ಲ, ಆದರೂ ಕೇಳದೆ ಬಿಡಲಾರೆ.

ಪರೀಕ್ಷೆಯಲ್ಲಿ ಬೇರೇನೂ ಕಾಣದಿದ್ದರೆ ಬೆಳಕಿನ ಚಿಕಿತ್ಸೆಯ ಬಗ್ಗೆ ವೈದ್ಯರನ್ನು ಕೇಳಿ. ಇದಕ್ಕೆಂದೇ ತಯಾರಾದ, ಅತಿನೇರಳೆ ಕಿರಣಗಳನ್ನು ಸೋಸುವ, 10,000 ಲಕ್ಸ್ ಬೆಳಕು ಕೊಡುವ ದೀಪದ ಮುಂದೆ, ಅದರ ತಯಾರಕರು ಹೇಳಿದಷ್ಟು ದೂರದಲ್ಲಿ, ಎದ್ದ ಒಂದು ಗಂಟೆಯೊಳಗೆ ಅರ್ಧ ತಾಸು ಕುಳಿತುಕೊಳ್ಳಬೇಕು. ದೀಪವನ್ನೇ ದಿಟ್ಟಿಸಬಾರದು; ಕಣ್ಣು ತೆರೆದಿದ್ದು ಬೆಳಕು ಮುಖದ ಮೇಲೆ ಬೀಳುತ್ತಿದ್ದರೆ ಸಾಕು. ಸಂಜೆ ಕುಳಿತರೆ ರಾತ್ರಿಯ ನಿದ್ದೆ ಕೆಡುತ್ತದೆ. ಗುಣ ಕಾಣುವುದಕ್ಕೆ ಒಂದೆರಡು ವಾರ ಬೇಕು, ಕಂಡ ಮೇಲೆಯೂ ವಸಂತದವರೆಗೆ ಬಿಡಬಾರದು. ನಿಮಗಾಗಲಿ ಮನೆತನದಲ್ಲಾಗಲಿ ಬೈಪೋಲಾರ್ ಕಾಯಿಲೆ, ಅಂದರೆ ಅತಿಯಾದ ಉತ್ಸಾಹವೂ ಖಿನ್ನತೆಯೂ ಸರದಿಯಂತೆ ಬರುವ ಕಾಯಿಲೆ, ಇದ್ದರೆ, ಅಕ್ಷಿಪಟಲದ ತೊಂದರೆಯಿದ್ದರೆ, ಅಥವಾ ಬೆಳಕಿಗೆ ಮೈಯನ್ನು ಸೂಕ್ಷ್ಮವಾಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮೊದಲೇ ವೈದ್ಯರಿಗೆ ತಿಳಿಸಿ. ದೀಪ ತರಿಸಲು ಸಂಕೋಚವಾದರೆ ಒಂದು ಸಂಗತಿ ಹೇಳುತ್ತೇನೆ: ನೀವಿರುವ ದೇಶದ ಉತ್ತರದ ಊರಾದ ಉಮಿಯೋದಲ್ಲಿ 2012ರಲ್ಲಿ ಅಲ್ಲಿಯ ವಿದ್ಯುತ್ ಕಂಪನಿ ಬಸ್ ನಿಲ್ದಾಣಗಳಲ್ಲಿಯೇ ಇಂಥ ದೀಪಗಳನ್ನು ಹಾಕಿತ್ತು. ಅಲ್ಲಿ ಹುಟ್ಟಿ ಬೆಳೆದವರಿಗೂ ಬೇಕಾದದ್ದು ನಿಮಗೆ ಬೇಕಾದರೆ ಅದರಲ್ಲಿ ನಾಚಿಕೆಯೇನು?

'ವಿಟಮಿನ್ ಡಿ ಮಾತ್ರೆ ನುಂಗಿದರೆ ಆಯಿತು' ಎಂದು ನಮ್ಮವರು ಹೇಳಿಯೇ ಹೇಳುತ್ತಾರೆ. ಅದು ಚರ್ಮದ ಬಾಗಿಲು, ಇದು ಕಣ್ಣಿನ ಬಾಗಿಲು. ಆ ಅಕ್ಷಾಂಶದ ಚಳಿಗಾಲದ ಬಿಸಿಲಿನಲ್ಲಿ ಚರ್ಮವು ವಿಟಮಿನ್ ಡಿ ತಯಾರಿಸುವುದು ಇಲ್ಲವೆಂಬಷ್ಟು ಕಡಿಮೆ, ನಮ್ಮಂಥ ಕಂದು ಮೈಬಣ್ಣದವರಿಗಂತೂ ಇನ್ನೂ ಕಷ್ಟ. ಆದ್ದರಿಂದ ಕೊರತೆಯಿದ್ದರೆ ಮೂಳೆಗಳ ಸಲುವಾಗಿ ಮಾತ್ರೆ ಅಗತ್ಯವಾಗಿ ತೆಗೆದುಕೊಳ್ಳಿ. ಮಂಕನ್ನೂ ಅದೇ ಕಳೆಯುತ್ತದೆಂದು ಮಾತ್ರ ನಂಬಬೇಡಿ.

ದೀಪ ಬಂದ ಮೇಲೂ ಹನ್ನೊಂದರಿಂದ ಒಂದು ಗಂಟೆಯೊಳಗೆ ಮನೆಯಿಂದ ಹೊರಬಿದ್ದು ಅರ್ಧ ತಾಸು ನಡೆಯಿರಿ. ಮೋಡವಿದ್ದರೂ ಹೊರಗಿನ ಬೆಳಕು ಒಳಗಿನ ಬೆಳಕಿಗಿಂತ ಹಲವು ಪಟ್ಟು; ಹಿಮ ಬಿದ್ದ ದಿನವಾದರೆ ನೆಲವೇ ಬೆಳಕನ್ನು ಹಿಂತಿರುಗಿಸುತ್ತದೆ. ಈಗ ಆ ಊರಿನ ಕಿಟಕಿ ಕಿಟಕಿಯಲ್ಲೂ ಆಡ್ವೆಂಟ್ ದೀಪಗಳು, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ವಾರಗಳಲ್ಲಿ ಇಡುವ ದೀಪಗಳು, ಉರಿಯುತ್ತಿರುತ್ತವೆ. ನಮ್ಮ ಕಾರ್ತಿಕದ ಹಣತೆಯ ಹಾಗೆ ಅವು ಮೆದುಳಿನ ಗಡಿಯಾರವನ್ನು ತಿದ್ದುವಷ್ಟು ಪ್ರಕಾಶವಲ್ಲ, ಆದರೂ ನಿಮ್ಮ ಕಿಟಕಿಯಲ್ಲೂ ಒಂದಿರಲಿ.

ಇಷ್ಟು ಹೇಳಿದ ಮೇಲೂ ನಿಮ್ಮ ಪತ್ರದ ಒಂದು ಸಾಲು ಉಳಿಯುತ್ತದೆ, ಅದಕ್ಕೆ ಯಾವ ದೀಪವೂ ಔಷಧಿಯಲ್ಲ: ಪಾಠ ಹೇಳುತ್ತಿದ್ದವರಿಗೆ ಎರಡು ವರ್ಷದಿಂದ ತರಗತಿಯೇ ಇಲ್ಲ. ಬೇಸಿಗೆಯಲ್ಲಿ ಚೆನ್ನಾಗಿದ್ದೆ ಎಂದಿದ್ದೀರಿ, ಆಗಲೂ ಕೆಲಸವಿರಲಿಲ್ಲ. ಹಾಗಾಗಿ ಕಾಯಿಲೆಯ ಬೇರು ಅದಲ್ಲ. ಆದರೆ ಕತ್ತಲೆ ಬಂದಾಗ ಹಿಡಿದುಕೊಳ್ಳಲು ನಿಮ್ಮ ಕೈಗೆ ಏನೂ ಸಿಗುತ್ತಿಲ್ಲ ಎಂಬುದು ನಿಜ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಕೆಲ್ಲಿ ರೋಹನ್ ಮತ್ತು ಅವರ ತಂಡ ಈ ಕಾಯಿಲೆಯಿದ್ದ 177 ಮಂದಿಯಲ್ಲಿ ಕೆಲವರಿಗೆ ಬೆಳಕಿನ ಚಿಕಿತ್ಸೆಯನ್ನೂ ಉಳಿದವರಿಗೆ ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಸಿಬಿಟಿ ಎಂಬ ಮಾತಿನ ಚಿಕಿತ್ಸೆಯನ್ನೂ ಕೊಟ್ಟು ನೋಡಿತು. ಆ ಚಳಿಗಾಲದಲ್ಲಿ ಎರಡರ ಫಲವೂ ಹೆಚ್ಚುಕಡಿಮೆ ಒಂದೇ. ಎರಡು ಚಳಿಗಾಲ ಕಳೆದ ಮೇಲೆ ನೋಡಿದಾಗ ಸಿಬಿಟಿ ಪಡೆದವರಲ್ಲಿ ಕಾಯಿಲೆ ಮರುಕಳಿಸಿದ್ದು ಕಡಿಮೆಯಿತ್ತು. 'ಮೂರು ಗಂಟೆಗೇ ಕತ್ತಲಾಯಿತು, ಇನ್ನು ಈ ದಿನ ಮುಗಿಯಿತು' ಎಂಬ ಮಾತು ನಿಮ್ಮ ತಲೆಯಲ್ಲಿ ದಿನವೂ ಓಡುತ್ತಿದ್ದರೆ ಅದನ್ನು ಹಿಡಿದು ನಿಲ್ಲಿಸಲು ಕಲಿಸುವ ವಿದ್ಯೆ ಇದು. ವೈದ್ಯರನ್ನು ಇದರ ಬಗ್ಗೆಯೂ ಕೇಳಿ. ಜೊತೆಗೆ ವಲಸೆ ಬಂದವರಿಗೆ ಸರ್ಕಾರ ಉಚಿತವಾಗಿ ನಡೆಸುವ ಸ್ವೀಡಿಷ್ ತರಗತಿಗೆ ಇನ್ನೂ ಸೇರಿರದಿದ್ದರೆ ಬೆಳಗಿನ ತಂಡದಲ್ಲಿಯೇ ಸೇರಿ. ನೀವು ಬಾರದಿದ್ದರೆ 'ಏಕೆ ಬರಲಿಲ್ಲ' ಎಂದು ಯಾರಾದರೂ ಕೇಳುವಂತಿರಬೇಕು.

ಅಮ್ಮನಿಗೆ ಒಂದು ಹೊತ್ತು ಗೊತ್ತು ಮಾಡಿ. ನಿಮಗೆ ಬೆಳಿಗ್ಗೆ ಎಂಟು ಗಂಟೆಯಾದಾಗ ತೀರ್ಥಹಳ್ಳಿಯಲ್ಲಿ ಹನ್ನೆರಡೂವರೆ. ಅಡುಗೆ ಮುಗಿಸಿ ಊಟಕ್ಕೆ ಕಾಯುವ ಹೊತ್ತು. ದೀಪದ ಮುಂದಿನ ಅರ್ಧ ತಾಸನ್ನು ಅವರ ಜೊತೆಗಿನ ಮಾತಿಗೇ ಇಟ್ಟರೆ ಎದ್ದೇಳಲು ಒಂದು ಕಾರಣ ಸಿಗುತ್ತದೆ, ಫೋನ್ ಎತ್ತಲಿಲ್ಲವೆಂಬ ಕೊರಗೂ ತಪ್ಪುತ್ತದೆ. ಅತ್ತೆಯವರ ಜೊತೆ ವಾದಕ್ಕಿಳಿಯಬೇಡಿ. 'ವೈದ್ಯರಿಗೆ ತೋರಿಸುತ್ತಿದ್ದೇನೆ ಅತ್ತೆ, ಮೊದಲು ಆರೋಗ್ಯ ಸರಿಹೋಗಲಿ' ಎಂದರೆ ಸಾಕು. ಉಳಿದದ್ದನ್ನು ಅವರ ಮಗ ಹೇಳಬೇಕು. ಮಗು ಬೇಕೋ ಬೇಡವೋ ಎಂಬುದು ನಿಮ್ಮಿಬ್ಬರ ವಿಚಾರ, ಆದರೆ ಮಗುವನ್ನು ಯಾವ ಕಾಯಿಲೆಗೂ ಮದ್ದೆಂದು ಹೆರಬಾರದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ವೈದ್ಯರಲ್ಲಿಗೆ ಹೋಗುವಾಗ ಪತಿಯವರನ್ನು ಜೊತೆಗೆ ಕರೆದೊಯ್ಯಿರಿ. ನೀವು ಹತ್ತು ಸಲ ಹೇಳಿದರೂ ಕೇಳದ್ದನ್ನು ಅವರು ವೈದ್ಯರ ಬಾಯಿಂದ ಒಮ್ಮೆಗೇ ಕೇಳಿಸಿಕೊಂಡಾರು.

ಇನ್ನು ಮನೆ ಮತ್ತು ದೇಶದ ಮಾತು. ನಿಮ್ಮ ಪತ್ರವನ್ನು ಡಿಸೆಂಬರಿನ ನೀವು ಬರೆದಿದ್ದೀರಿ; ಜೂನಿನ ನಿಮ್ಮನ್ನು ಕೇಳಿದರೆ ಉತ್ತರ ಬೇರೆ ಬರಬಹುದು, ಬರದೆಯೂ ಇರಬಹುದು. ಆದ್ದರಿಂದ ದೇಶ ಬಿಡುವ ತೀರ್ಮಾನವನ್ನೂ ಮನೆ ಕೊಳ್ಳುವ ತೀರ್ಮಾನವನ್ನೂ ಮೇ ತಿಂಗಳಿಗೆ ಮುಂದೂಡೋಣವೆಂದು ಪತಿಯವರನ್ನು ಸ್ಪಷ್ಟವಾಗಿ ಕೇಳಿ. ಮಾರ್ಚಿನಲ್ಲಿ ಅಲ್ಲಿ ಹಗಲು ದಿನಕ್ಕೆ ಐದು ನಿಮಿಷಕ್ಕಿಂತ ಹೆಚ್ಚು ಬೆಳೆಯುತ್ತದೆ, ಹಾಗಾಗಿ ಕಾಯಬೇಕಾದ ಅವಧಿ ಬಹಳವೇನಲ್ಲ. ಆಗಲೂ 'ಈ ಊರಿನ ಚಳಿಗಾಲ ನನಗೆ ಒಗ್ಗುವುದಿಲ್ಲ' ಎನಿಸಿದರೆ ಅದು ಸಕಾರಣವಾದ ಮಾತು, ಅಂದು ಅದಕ್ಕೆ ತೂಕವೂ ಇರುತ್ತದೆ. ಸಂಕ್ರಾಂತಿಗೆ ಊರಿಗೆ ಬಂದು ಮೂರು ವಾರವಿದ್ದು ಹೋಗುವುದಾದರೆ ಧಾರಾಳವಾಗಿ ಬನ್ನಿ. ಹಿಂತಿರುಗಿದಾಗ ಅಲ್ಲಿ ಇನ್ನೂ ಕತ್ತಲೆಯೇ ಇರುತ್ತದೆಂಬುದು ಮನಸ್ಸಿನಲ್ಲಿರಲಿ, ದೀಪದ ಅಭ್ಯಾಸ ಮರುದಿನದಿಂದಲೇ ಮುಂದುವರಿಯಲಿ. ಮುಂದಿನ ವರ್ಷ ಅಲ್ಲಿಯೇ ಇರುವುದಾದರೆ ನವೆಂಬರಿಗೆ ಕಾಯದೆ ಸೆಪ್ಟೆಂಬರ್ ಕೊನೆಯಲ್ಲಿಯೇ ವೈದ್ಯರನ್ನು ಕಾಣಿರಿ.

ಮೇ ತಿಂಗಳಲ್ಲಿ ಮನೆ ನೋಡುವುದೆಂದಾದರೆ ದಕ್ಷಿಣಕ್ಕೆ ತೆರೆಯುವ ಕಿಟಕಿಗಳಿರುವ, ಎದುರಿಗೆ ಎತ್ತರದ ಕಟ್ಟಡವಿಲ್ಲದ, ಮೇಲಿನ ಅಂತಸ್ತಿನದನ್ನೇ ನೋಡಿ. ಊರಿನಿಂದ ವಾಸ್ತು ಹೇಳುವವರು ದಕ್ಷಿಣ ದಿಕ್ಕು ಬೇಡವೆನ್ನಬಹುದು. ಸ್ಟಾಕ್‌ಹೋಮಿನ ಡಿಸೆಂಬರ್ ಸೂರ್ಯ ಮುಖ ತೋರಿಸುವುದು ಆ ಕಡೆಗೆ ಮಾತ್ರ.