ನ್ಯಾಯಮೂರ್ತಿಗಳು ಬದಲಾದರೆ ಗರ್ಭಪಾತದ ಕಾನೂನೂ ಬದಲಾಗುತ್ತದೆಯೇ?

ಅಮೆರಿಕದಲ್ಲಿ ಮೂವರು ಹೊಸ ನ್ಯಾಯಮೂರ್ತಿಗಳು ಬಂದದ್ದೇ ತಡ, ಗರ್ಭಪಾತದ ಹಕ್ಕು ಹೋಯಿತು. ನಮ್ಮಲ್ಲೂ ಹಾಗಾಗಬಹುದೇ ಎಂದು ಕೇಳಿದ್ದೀರಿ. ಶಿವಮೊಗ್ಗದಲ್ಲಿ ವಕೀಲಿ ವೃತ್ತಿಯಲ್ಲಿರುವ ನನಗೆ ತೋರುವುದು ಇಷ್ಟು: ಅಷ್ಟು ಸುಲಭವಾಗಿ ಆಗದು, ಆದರೆ ಪೀಠದಲ್ಲಿ ಯಾರು ಕುಳಿತಿದ್ದಾರೆ ಎಂಬುದು ಇಲ್ಲಿಯೂ ಲೆಕ್ಕಕ್ಕೆ ಬರುತ್ತದೆ.

ಅಮೆರಿಕದ ಸಂವಿಧಾನದಲ್ಲಿ ಗರ್ಭಪಾತದ ಮಾತೇ ಇಲ್ಲ. 1973ರ ರೋ ವಿರುದ್ಧ ವೇಡ್ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳು ಆ ಹಕ್ಕನ್ನು ಸಂವಿಧಾನದೊಳಗೆ ಓದಿಕೊಂಡರು, ಇಬ್ಬರು ಒಪ್ಪಲಿಲ್ಲ. ಓದಿನಿಂದ ಬಂದದ್ದು ಓದುಗರು ಬದಲಾದರೆ ಹೋಗಬಹುದು. ಹಾಗೆಂದು ನೇಮಿಸಿದವರು ಬಯಸಿದ್ದೇ ನಡೆಯುತ್ತದೆ ಎಂದೂ ಅಲ್ಲ: 1992ರ ಕೇಸಿ ಪ್ರಕರಣದಲ್ಲಿ ರೋ ತೀರ್ಪಿನ ತಿರುಳನ್ನು ಉಳಿಸಿದ ಓ'ಕಾನರ್, ಕೆನಡಿ, ಸೌಟರ್ ಮೂವರೂ ಗರ್ಭಪಾತವನ್ನು ವಿರೋಧಿಸುವ ರಿಪಬ್ಲಿಕನ್ ಪಕ್ಷದ ಅಧ್ಯಕ್ಷರೇ ನೇಮಿಸಿದವರು. ಆಮೇಲಿನ ಕಥೆ ಬೇರೆ. 2016ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಸ್ಕಾಲಿಯಾ ತೀರಿಕೊಂಡಾಗ, ಚುನಾವಣೆಯ ವರ್ಷವೆಂಬ ನೆಪದಲ್ಲಿ ಒಬಾಮಾ ಸೂಚಿಸಿದ ಹೆಸರನ್ನು, ನೇಮಕಕ್ಕೆ ಒಪ್ಪಿಗೆ ಕೊಡಬೇಕಾದ ಸದನವಾದ ಸೆನೆಟ್ ವಿಚಾರಣೆಗೇ ಎತ್ತಿಕೊಳ್ಳಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿ ಗಿನ್ಸ್‌ಬರ್ಗ್ ತೀರಿಕೊಂಡಾಗ ಅದೇ ಸೆನೆಟ್ 40 ದಿನ ತುಂಬುವ ಮೊದಲೇ, ಚುನಾವಣೆ ಹೊಸ್ತಿಲಲ್ಲಿರುವಾಗಲೇ, 52–48 ಮತಗಳಿಂದ ಟ್ರಂಪ್ ಸೂಚಿಸಿದ ಬ್ಯಾರೆಟ್ ಅವರನ್ನು ಕೂರಿಸಿತು. 2022ರ ಜೂನ್ 24ರಂದು ರೋ ತೀರ್ಪನ್ನು ರದ್ದುಮಾಡಿದ್ದು ಐವರು. ಅವರಲ್ಲಿ ಮೂವರು ಟ್ರಂಪ್ ನೇಮಿಸಿದವರು. ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಅಷ್ಟು ದೂರ ಹೋಗಲು ಒಪ್ಪಲಿಲ್ಲ. ಒಂದೇ ಒಂದು ಮತ ಆಚೀಚೆಯಾಗಿದ್ದರೆ ಅಂದು ಆ ತೀರ್ಪು ಉಳಿಯುತ್ತಿತ್ತು.

ನಮ್ಮಲ್ಲಿ ಅಡಿಪಾಯವೇ ಬೇರೆ. ಇಲ್ಲಿರುವುದು ಸಂಸತ್ತು ಮಾಡಿದ 1971ರ ಎಂಟಿಪಿ ಕಾಯ್ದೆ, ಅಂದರೆ ವೈದ್ಯಕೀಯ ಗರ್ಭಪಾತ ಕಾಯ್ದೆ. ಸುಪ್ರೀಂ ಕೋರ್ಟಿಗೆ ನ್ಯಾಯಮೂರ್ತಿಗಳನ್ನು ಆರಿಸುವ ಹಿರಿಯ ನ್ಯಾಯಮೂರ್ತಿಗಳ ಕೂಟವಾದ ಕೊಲಿಜಿಯಂ ಯಾರನ್ನೇ ಆರಿಸಲಿ, ಅವರು 65ಕ್ಕೆ ನಿವೃತ್ತರಾಗಲಿ, ಕಾಯ್ದೆ ತನ್ನ ಜಾಗದಲ್ಲಿರುತ್ತದೆ. ಆದರೆ ಅದು ಮಹಿಳೆಗೆ ಕೇಳಿದೊಡನೆ ಕೊಡುವ ಹಕ್ಕಲ್ಲ, ವೈದ್ಯರ ಅಭಿಪ್ರಾಯಕ್ಕೆ ಕಟ್ಟಿದ ಅನುಮತಿ: 20 ವಾರದವರೆಗೆ ಒಬ್ಬ ವೈದ್ಯರು, 2021ರ ತಿದ್ದುಪಡಿಯಂತೆ ಕೆಲವು ವರ್ಗದವರಿಗೆ 24ರವರೆಗೆ ಇಬ್ಬರು, ಅದರಾಚೆ ಭ್ರೂಣದಲ್ಲಿ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿ.

ನ್ಯಾಯಮೂರ್ತಿಗಳ ಕೈ ಎಲ್ಲಿಯವರೆಗೆ ಚಾಚುತ್ತದೆ ಎಂಬುದಕ್ಕೆ ಎರಡು ಪ್ರಕರಣ ಸಾಕು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟಿನ ಚಂದ್ರಚೂಡ್, ಬೋಪಣ್ಣ, ಪಾರ್ದೀವಾಲಾ ಅವರ ಪೀಠ ಆ 24 ವಾರದ ಅವಕಾಶ ಅವಿವಾಹಿತೆಯರಿಗೂ ಸಲ್ಲುತ್ತದೆ ಎಂದಿತು. ಮರುವರ್ಷ ಅಕ್ಟೋಬರ್‌ನಲ್ಲಿ 26 ವಾರದ ಗರ್ಭಿಣಿಯೊಬ್ಬರ ಅರ್ಜಿ ಬಂದಾಗ, ಒಂದೇ ಕಡತವನ್ನು ನೋಡಿ ನ್ಯಾಯಮೂರ್ತಿ ಹಿಮಾ ಕೊಹ್ಲಿ ಬೇಡವೆಂದರು, ನಮ್ಮ ಹೈಕೋರ್ಟಿನಿಂದಲೇ ಹೋದ ನಾಗರತ್ನ ಅವರು ಮಹಿಳೆಯ ನಿರ್ಧಾರವೇ ಮೇಲು ಎಂದರು. ಕೊನೆಗೆ ಅಕ್ಟೋಬರ್ 16ರಂದು ನಿರಾಕರಿಸಿದ ಮೂವರ ಪೀಠದಲ್ಲಿ, ಹಿಂದಿನ ವರ್ಷ ಅಷ್ಟು ಉದಾರವಾದ ತೀರ್ಪು ಕೊಟ್ಟಿದ್ದ ಚಂದ್ರಚೂಡ್ ಮತ್ತು ಪಾರ್ದೀವಾಲಾ ಇಬ್ಬರೂ ಇದ್ದರು. ಕಾಯ್ದೆಯ ಗೆರೆಯೊಳಗೆ ಅವರು ಧಾರಾಳಿಗಳು, ಗೆರೆ ದಾಟಲು ಮಾತ್ರ ಒಲ್ಲರು. ನನಗೆ ನಾಗರತ್ನ ಅವರ ನಿಲುವೇ ಸರಿಯೆನಿಸುತ್ತದೆ.

ಒಂದು ಮಳೆಗಾಲದಲ್ಲಿ ಹೊಸನಗರದ ಕಡೆಯ ದಂಪತಿ ನನ್ನ ಕಚೇರಿಗೆ ಬಂದಿದ್ದರು. ಪ್ಲಾಸ್ಟಿಕ್ ಚೀಲದೊಳಗೆ ನೆನೆಯದಂತೆ ಸುತ್ತಿಟ್ಟ ಸ್ಕ್ಯಾನ್ ವರದಿಯಲ್ಲಿ ಭ್ರೂಣದ ಹೃದಯದ ದೋಷ, ಮೂಲೆಯಲ್ಲಿ ‘25 ವಾರ 3 ದಿನ’. ಮೊದಲ ಸ್ಕ್ಯಾನಿಗೆ ಬರಬೇಕಿದ್ದ ವಾರ ಊರಿನ ರಸ್ತೆಗೆ ಮರ ಬಿದ್ದು ಬಸ್ಸು ನಿಂತಿತ್ತಂತೆ. ಮಂಡಳಿ ಮೂರು ದಿನದೊಳಗೆ ಹೇಳಬೇಕೆಂದು ನಿಯಮವಿದ್ದರೂ ಆಸ್ಪತ್ರೆಯವರು ಕೋರ್ಟಿನ ಆದೇಶ ತನ್ನಿ ಎಂದಿದ್ದರು. ಶಿವಮೊಗ್ಗದವರು ಹೈಕೋರ್ಟಿಗೆಂದರೆ ಸುಮಾರು 300 ಕಿಲೋಮೀಟರ್ ದೂರದ ಬೆಂಗಳೂರಿಗೇ ಹೋಗಬೇಕು. ಅಲ್ಲಿನ ಸಹೋದ್ಯೋಗಿಗೆ ಫೋನು ಮಾಡಿದಾಗ ನಾನು ಮೊದಲು ಕೇಳಿದ್ದು ಯಾವ ಕಲಮು ಹಾಕೋಣ ಎಂದಲ್ಲ, ಯಾರ ಮುಂದೆ ಬರುತ್ತದೆ ಎಂದು. ಅವರು ಹೆಸರು ಹೇಳಿದರು. ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಆಕೆ, ಆ ಹೆಸರು ಕೇಳಿ ನನ್ನ ಮುಖ ಹೇಗಾಯಿತು ಎಂಬುದನ್ನೇ ನೋಡುತ್ತಿದ್ದರು.