ಕಡಲತಳದ ಕೆಸರಿನಲ್ಲೊಂದು ಬೂದಿಗೆರೆ

ಪ್ರಶ್ನೆ: ಬಂಗಾಳ ಕೊಲ್ಲಿಯ ತಳದಿಂದ ತೆಗೆದ ಕೆಸರಿನಲ್ಲಿ ಸುಮಾತ್ರಾದ ಜ್ವಾಲಾಮುಖಿಯೊಂದರ ಬೂದಿ ಸಿಕ್ಕಿದೆಯೆಂದೂ ಅದರ ನೆರವಿನಿಂದ ಹಳೆಯ ಹವಾಮಾನದ ಕಾಲವನ್ನು ಲೆಕ್ಕ ಹಾಕುತ್ತಾರೆಂದೂ ಓದಿದೆ. ಬೂದಿಯ ಮೇಲೆ ತಾರೀಖು ಬರೆದಿರುವುದಿಲ್ಲ. ಹಾಗಿರುವಾಗ ಅದು ಇಷ್ಟೇ ವರ್ಷ ಹಳೆಯದೆಂದು ತಿಳಿಯುವುದು ಹೇಗೆ? ಕೆಸರಿನ ವಯಸ್ಸನ್ನೇ ನೇರವಾಗಿ ಅಳೆಯಬಾರದೇ?
– ಪದವಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಬೂದಿಯ ಮೇಲೆ ತಾರೀಖು ಇರುವುದಿಲ್ಲ ಎಂಬ ನಿಮ್ಮ ಮಾತು ಸರಿಯಾಗಿದೆ. ಆದರೆ ಅದರಲ್ಲಿ ಹುಟ್ಟಿದ ಊರಿನ ಗುರುತು ಇರುತ್ತದೆ, ತಾರೀಖನ್ನು ಆ ಊರಿನಿಂದ ತರಿಸಿಕೊಳ್ಳಬೇಕು.

ಜನನ ದಾಖಲೆ ಇಲ್ಲದ ಕಾಲದ ಹಿರಿಯರನ್ನು ಹುಟ್ಟಿದ ವರ್ಷ ಯಾವುದೆಂದು ಕೇಳಿದರೆ ‘ಪ್ಲೇಗು ಬಂದ ವರ್ಷ’, ‘ದೊಡ್ಡ ನೆರೆ ಬಂದ ವರ್ಷ’ ಎನ್ನುತ್ತಿದ್ದರು. ಎರಡು ಬೇರೆ ಊರುಗಳ ಇಬ್ಬರು ಅದೇ ನೆರೆಯನ್ನು ಹೆಸರಿಸಿದರೆ, ಅದು ಯಾವ ಇಸವಿಯೆಂದು ಇಬ್ಬರಿಗೂ ಗೊತ್ತಿಲ್ಲದಿದ್ದರೂ ಅವರು ಒಂದೇ ಓರಗೆಯವರೆಂಬುದು ಖಚಿತವಾಗುತ್ತದೆ. ಮುಂದೆ ಯಾರೋ ಒಬ್ಬರು ಆ ನೆರೆಯ ಇಸವಿಯನ್ನು ಹುಡುಕಿಕೊಟ್ಟರೆ ಇಬ್ಬರ ವಯಸ್ಸೂ ಒಟ್ಟಿಗೆ ತಿಳಿಯುತ್ತದೆ. ಕಡಲತಳದ ಬೂದಿ ಮಾಡುವುದು ಇದೇ ಕೆಲಸವನ್ನು. ಅದರ ದೊಡ್ಡ ಬೆಲೆ ಇರುವುದು ವರ್ಷಗಳ ಸಂಖ್ಯೆಯಲ್ಲಿ ಅಲ್ಲ, ಸಾವಿರಾರು ಕಿಲೋಮೀಟರ್ ದೂರದ ಎರಡು ಜಾಗಗಳಲ್ಲಿ ‘ಇದೇ ಹೊತ್ತು’ ಎಂದು ಗೆರೆ ಎಳೆದು ತೋರಿಸುವುದರಲ್ಲಿ ಎಂಬುದು ನನ್ನ ಅಭಿಪ್ರಾಯ.

ಈಗ ನೀವು ಓದಿದ ಬೂದಿಗೆ ಬರೋಣ. ಅದು ಸುಮಾತ್ರಾದ ತೋಬಾ ಜ್ವಾಲಾಮುಖಿಯದು. ಇಂದು ಆ ಜಾಗದಲ್ಲಿ ಸುಮಾರು 100 ಕಿ.ಮೀ. ಉದ್ದ, 30 ಕಿ.ಮೀ. ಅಗಲದ ಸರೋವರವಿದೆ. ಸಂಶೋಧನಾ ಹಡಗಿನಿಂದ ಉದ್ದನೆಯ ಕೊಳವೆಯನ್ನು ಕಡಲತಳಕ್ಕೆ ಇಳಿಸಿ, ಅದರೊಳಗೆ ತುಂಬಿಕೊಂಡ ಕೆಸರನ್ನು ಪದರ ಕದಡದಂತೆ ಮೇಲೆತ್ತುತ್ತಾರೆ. ಇದಕ್ಕೆ ಕೋರ್ ಎಂದು ಹೆಸರು. ಅದನ್ನು ಉದ್ದಕ್ಕೆ ಸೀಳಿ ಮೇಜಿನ ಮೇಲಿಟ್ಟಾಗ, ಮಂಕು ಬಣ್ಣದ ಕೆಸರಿನ ನಡುವೆ ತಿಳಿಬೂದು ಬಣ್ಣದ ಪಟ್ಟಿಯೊಂದು ಬರಿಗಣ್ಣಿಗೇ ಕಾಣುತ್ತದೆ. ಪಟ್ಟಿಯ ಕೆಳಗಿನ ಅಂಚು ಚಾಕುವಿನಿಂದ ಕೊಯ್ದಂತೆ ಚೊಕ್ಕವಾಗಿರುತ್ತದೆ, ಮೇಲಿನ ಅಂಚು ಮಾತ್ರ ಮಸುಕಾಗಿರುತ್ತದೆ. ಬೂದಿ ಒಮ್ಮೆಲೇ ಬಂದು ಬಿದ್ದದ್ದು ಕೆಳಗಿನ ಅಂಚಿಗೆ ಕಾರಣ. ಆಮೇಲೆ ತಳದ ಹುಳುಗಳು ಬಿಲ ತೋಡುತ್ತ ಬೂದಿಯನ್ನೂ ಹೊಸ ಕೆಸರನ್ನೂ ಕಲೆಸಿದ್ದು ಮೇಲಿನ ಅಂಚಿಗೆ ಕಾರಣ.

ಆ ಪಟ್ಟಿಯಿಂದ ಒಂದು ಚಿಟಿಕೆ ತೆಗೆದು, ತೊಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಇದು ಒಲೆಯ ಬೂದಿಯಂಥದ್ದಲ್ಲವೆಂದು ಗೊತ್ತಾಗುತ್ತದೆ. ಬಣ್ಣವಿಲ್ಲದ ಗಾಜಿನ ಬಳೆಯನ್ನು ಜಜ್ಜಿ ಚೆಲ್ಲಿದಂತೆ, ಬಾಗಿದ, ಕವಲೊಡೆದ, ಚೂಪು ಅಂಚಿನ ತುಣುಕುಗಳು ಅಲ್ಲಿರುತ್ತವೆ. ಕರಗಿದ ಶಿಲಾಪಾಕದೊಳಗೆ ಅನಿಲದ ಗುಳ್ಳೆಗಳು ಉಬ್ಬಿ ಒಡೆದಾಗ ಆ ಗುಳ್ಳೆಗಳ ಗೋಡೆಗಳೇ ಗಾಳಿಯಲ್ಲಿ ತಣಿದು ಹೀಗೆ ಗಾಜಾಗಿವೆ. ಪ್ರತಿ ಚೂರಿನ ಮೇಲೆ ಎಲೆಕ್ಟ್ರಾನ್ ಕಿರಣವನ್ನು ಹಾಯಿಸಿ, ಅದರಲ್ಲಿ ಸಿಲಿಕಾ, ಪೊಟ್ಯಾಸಿಯಂ, ಕಬ್ಬಿಣ, ಕ್ಯಾಲ್ಸಿಯಂ ಎಷ್ಟೆಷ್ಟಿವೆ ಎಂದು ಅಳೆಯುತ್ತಾರೆ. ತೋಬಾದ ಗಾಜಿನಲ್ಲಿ ಸಿಲಿಕಾದ ಪಾಲು ನೂರಕ್ಕೆ ಸುಮಾರು 77. ಐಸ್‌ಲ್ಯಾಂಡಿನ ಬಸಾಲ್ಟ್ ಬೂದಿಯಲ್ಲಿ ಅದು 50ರ ಆಸುಪಾಸಿನಲ್ಲಿರುತ್ತದೆ. ಹಲವು ಧಾತುಗಳ ಪ್ರಮಾಣವನ್ನು ಒಟ್ಟಿಗೆ ಹೋಲಿಸಿದಾಗ ಯಾವ ಜ್ವಾಲಾಮುಖಿ, ಅದೃಷ್ಟವಿದ್ದರೆ ಅದರ ಯಾವ ಸ್ಫೋಟ ಎಂಬಲ್ಲಿಯವರೆಗೆ ಗುರುತು ಸಿಗುತ್ತದೆ. ತೋಬಾ ಒಮ್ಮೆ ಮಾತ್ರ ಸಿಡಿದದ್ದಲ್ಲ, ಸುಮಾರು ಎಂಟು ಲಕ್ಷ ವರ್ಷಗಳ ಹಿಂದಿನ ಅದರ ಸ್ಫೋಟವೊಂದರ ಬೂದಿಯೂ ಹಿಂದೂ ಮಹಾಸಾಗರದ ತಳದಲ್ಲಿದೆ. ಆದ್ದರಿಂದ ಹೆಸರು ಹಿಡಿದರೆ ಸಾಲದು, ಯಾವ ಸಲದ್ದು ಎಂಬುದನ್ನೂ ಬಿಡಿಸಿಕೊಳ್ಳಬೇಕಾಗುತ್ತದೆ.

ತಾರೀಖು ಬರುವುದು ಇದಾದ ಮೇಲೆ. ಜ್ವಾಲಾಮುಖಿಯ ಹತ್ತಿರದಲ್ಲಿ ಬಿದ್ದ ದಪ್ಪ ಬೂದಿಯಲ್ಲಿ ಸ್ಯಾನಿಡಿನ್ ಎಂಬ ಪೊಟ್ಯಾಸಿಯಂ ತುಂಬಿದ ಹರಳುಗಳಿರುತ್ತವೆ. ಅವುಗಳಲ್ಲಿರುವ ವಿಕಿರಣಶೀಲ ಪೊಟ್ಯಾಸಿಯಂ-40 ಅತ್ಯಂತ ನಿಧಾನವಾಗಿ ಆರ್ಗಾನ್ ಅನಿಲವಾಗುತ್ತದೆ. ಹರಳಿನೊಳಗೆ ಕೂಡಿಟ್ಟಂತಾಗಿರುವ ಆರ್ಗಾನನ್ನು ಅಳೆದು ಸ್ಫೋಟದ ಕಾಲವನ್ನು ಲೆಕ್ಕ ಹಾಕುತ್ತಾರೆ. ದೂರದ ಕಡಲಿಗೆ ಗಾಳಿಯಲ್ಲಿ ತೇಲಿ ಬಂದ ಗಾಜಿನ ಪುಡಿಯಲ್ಲಿ ಅಂಥ ಹರಳುಗಳು ಸಾಮಾನ್ಯವಾಗಿ ಸಿಗುವುದಿಲ್ಲವಾದ್ದರಿಂದ, ಮೂಲದಲ್ಲಿ ಅಳೆದ ವಯಸ್ಸನ್ನು ರಾಸಾಯನಿಕ ಗುರುತಿನ ಆಧಾರದ ಮೇಲೆ ಕಡಲಿನ ಪದರಕ್ಕೆ ಒಯ್ಯುತ್ತಾರೆ. ತೋಬಾದ ಕೊನೆಯ ಮಹಾಸ್ಫೋಟಕ್ಕೆ 1978ರಲ್ಲಿ ನಿಂಕೊವಿಚ್, ಶ್ಯಾಕಲ್‌ಟನ್ ಮೊದಲಾದವರು ಪ್ರಕಟಿಸಿದ ವಯಸ್ಸು ಸುಮಾರು 75,000 ವರ್ಷ. 2012ರ ಇನ್ನಷ್ಟು ಸೂಕ್ಷ್ಮವಾದ ಅಳತೆ 73,880 ವರ್ಷ ಎಂದಿತು, ಅದರಲ್ಲಿ 320 ವರ್ಷ ಆಚೀಚೆಯಾಗಬಹುದು. 2014ರ ಮತ್ತೊಂದು ಅಳತೆ ಮತ್ತೆ 75,000ಕ್ಕೆ ಒಯ್ದಿತು, ಅಲ್ಲಿ ಆಚೀಚೆಯ ಮಿತಿ 900 ವರ್ಷ. ಈ ಭಿನ್ನತೆಯನ್ನು ಕಂಡು ವಿಧಾನವೇ ಸಡಿಲವೆಂದು ಭಾವಿಸಬಾರದು. ಸಂಖ್ಯೆ ಸಾವಿರ ವರ್ಷ ಜರುಗಿದರೂ ಈ ಬೂದಿ ಸಿಕ್ಕಿರುವ ಅರಬ್ಬೀ ಸಮುದ್ರ, ಬಂಗಾಳ ಕೊಲ್ಲಿ, ಆಫ್ರಿಕಾದ ಸರೋವರ ಎಲ್ಲವೂ ಒಟ್ಟಿಗೇ ಜರುಗುತ್ತವೆ, ಅವುಗಳ ನಡುವಿನ ಸಮಕಾಲೀನತೆಗೆ ಕುಂದು ಬರುವುದಿಲ್ಲ.

ಒಂದು ಕೋರ್‌ನಲ್ಲಿ ಈ ಬೂದಿ ಕಡಲತಳದಿಂದ 3.7 ಮೀಟರ್ ಕೆಳಗೆ ಸಿಕ್ಕಿತೆಂದು ಇಟ್ಟುಕೊಳ್ಳಿ. 74,000 ವರ್ಷಗಳಲ್ಲಿ 370 ಸೆಂ.ಮೀ. ಕೆಸರು ಸೇರಿದೆ, ಅಂದರೆ ಸಾವಿರ ವರ್ಷಕ್ಕೆ ಸರಾಸರಿ 5 ಸೆಂ.ಮೀ. ಆ ಕೆಸರಿನಲ್ಲಿರುವ ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಸುಣ್ಣದ ಚಿಪ್ಪುಗಳಲ್ಲಿನ ಆಮ್ಲಜನಕದ ಐಸೊಟೋಪುಗಳು (ತೂಕದಲ್ಲಿ ಮಾತ್ರ ಬೇರೆಯಾದ ಅದರ ರೂಪಗಳು) ಅಂದಿನ ನೀರಿನ ಬಿಸುಪನ್ನೂ ಲವಣಾಂಶವನ್ನೂ ಭೂಮಿಯ ಮೇಲಿದ್ದ ಮಂಜುಗಡ್ಡೆಯ ಪ್ರಮಾಣವನ್ನೂ ಸೂಚಿಸುತ್ತವೆ. ಹೀಗೆ ಹವಾಮಾನದ ಏರಿಳಿತಕ್ಕೆ ಕಾಲಮಾನ ಒದಗುತ್ತದೆ.

ಕೆಸರಿನ ವಯಸ್ಸನ್ನು ನೇರವಾಗಿ ಅಳೆಯಬಾರದೇ ಎಂದು ಕೇಳಿದ್ದೀರಿ. ಚಿಪ್ಪುಗಳಲ್ಲಿನ ಕಾರ್ಬನ್-14, ಅಂದರೆ ಕಾಲ ಕಳೆದಂತೆ ಕ್ಷಯಿಸುತ್ತ ಹೋಗುವ ವಿಕಿರಣಶೀಲ ಇಂಗಾಲ, ಸುಮಾರು 50,000 ವರ್ಷಗಳವರೆಗೆ ಮಾತ್ರ ನೆರವಾಗುತ್ತದೆ. ಅದಕ್ಕಿಂತ ಹಿಂದಕ್ಕೆ ಹೋದರೆ, ಐಸೊಟೋಪುಗಳ ಏರಿಳಿತವನ್ನು ಭೂಕಕ್ಷೆಯ ಆವರ್ತಗಳಿಗೆ, ಅಂದರೆ ಸೂರ್ಯನ ಸುತ್ತ ಭೂಮಿಯ ಹಾದಿ ನಿಯತವಾಗಿ ಬದಲಾಗುವ ಸುತ್ತುಗಳಿಗೆ, ಹೊಂದಿಸಿ ವಯಸ್ಸು ಕಟ್ಟುವುದು ರೂಢಿ. ಅದು ಉಪಯುಕ್ತವೇ, ಆದರೆ ಹವಾಮಾನ ಕಕ್ಷೆಯನ್ನು ಹಿಂಬಾಲಿಸುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡು ಹೊರಡುವ ಲೆಕ್ಕವದು. ಯಾವುದನ್ನು ಪರೀಕ್ಷಿಸಬೇಕೋ ಅದನ್ನೇ ಆಧಾರವಾಗಿಟ್ಟುಕೊಳ್ಳುವ ಅಪಾಯ ಅಲ್ಲಿದೆ. ಬೂದಿಯ ವಯಸ್ಸು ಹವಾಮಾನದ ಯಾವ ಊಹೆಯನ್ನೂ ಅವಲಂಬಿಸುವುದಿಲ್ಲ.

ಪ್ರಶ್ನೆ: 50,000 ವರ್ಷದೊಳಗಿನ ಕೆಸರಿಗೆ ಕಾರ್ಬನ್-14 ಇದ್ದೇ ಇದೆಯಲ್ಲ, ಅಲ್ಲಿ ಬೂದಿಯ ಅಗತ್ಯವಿಲ್ಲ ಎನ್ನಬಹುದೇ?
– ಓದುಗರು, ಮಂಗಳೂರು

ಉತ್ತರ: ಅಲ್ಲಿಯೂ ಅಗತ್ಯವಿದೆ, ಏಕೆಂದರೆ ಸಮುದ್ರದಲ್ಲಿ ಕಾರ್ಬನ್-14ರ ಗಡಿಯಾರ ಹಿಂದೆಮುಂದಾಗುತ್ತದೆ. ಆಳದಲ್ಲಿ ಬಹುಕಾಲ ಉಳಿದು ಮೇಲೆ ಬರುವ ನೀರಿನ ಇಂಗಾಲ ಹಳೆಯದಾಗಿರುವುದರಿಂದ, ಇಂದು ಮೇಲ್ಮೈಯಲ್ಲಿ ಬದುಕುವ ಚಿಪ್ಪುಜೀವಿಯೂ ಸರಾಸರಿ 400 ವರ್ಷದಷ್ಟು ಮುದಿಯಾಗಿ ಕಾಣುತ್ತದೆ. ಹಿಂದಿನ ಕಾಲದಲ್ಲಿ ಈ ಅಂತರ ಎಷ್ಟಿತ್ತು ಎಂಬುದನ್ನು ಕಾರ್ಬನ್-14 ತಾನಾಗಿ ಹೇಳಲಾರದು.

ಐಸ್‌ಲ್ಯಾಂಡಿನ ಕಟ್ಲಾ ಜ್ವಾಲಾಮುಖಿಯಿಂದ ಸಿಡಿದ ‘ವೆಡ್ಡೆ ಬೂದಿ’ ಇದಕ್ಕೆ ಉತ್ತರ ಕೊಟ್ಟಿತು. ನಾರ್ವೆಯ ಪಶ್ಚಿಮ ಕರಾವಳಿಯ ವೆಡ್ಡೆ ಎಂಬ ಊರಿನಿಂದ ಅದಕ್ಕೆ ಆ ಹೆಸರು. ಅದು ನಾರ್ವೆಯ ಸರೋವರಗಳ ಹೂಳಿನಲ್ಲಿದೆ, ಉತ್ತರ ಅಟ್ಲಾಂಟಿಕ್‌ನ ತಳದಲ್ಲಿದೆ, ಗ್ರೀನ್‌ಲ್ಯಾಂಡಿನ ಹಿಮದಲ್ಲೂ ಇದೆ. ಹಿಮದ ವಾರ್ಷಿಕ ಪದರಗಳನ್ನು ಎಣಿಸಿದವರು ಅದು ಕ್ರಿ.ಶ. 2000ಕ್ಕಿಂತ 12,171 ವರ್ಷ ಹಿಂದಿನದು, 114 ವರ್ಷ ಆಚೀಚೆಯಾಗಬಹುದು ಎಂದಿದ್ದಾರೆ. ಸರೋವರದಲ್ಲಿ ಬೂದಿಯ ಮಟ್ಟದಲ್ಲಿ ಸಿಕ್ಕ ನೆಲದ ಗಿಡಗಳ ಅವಶೇಷ, ಕಡಲಿನಲ್ಲಿ ಅದೇ ಬೂದಿಯ ಮಟ್ಟದಲ್ಲಿ ಸಿಕ್ಕ ಚಿಪ್ಪು, ಇವೆರಡೂ ಒಂದೇ ಕಾಲದವು. ಎರಡರ ಕಾರ್ಬನ್-14 ವಯಸ್ಸುಗಳ ವ್ಯತ್ಯಾಸವೇ ಅಂದಿನ ಕಡಲಿನ ‘ಮುದಿತನ’. 1994ರಲ್ಲಿ ಎಡುವಾರ್ ಬಾರ್ ಮತ್ತು ಸಂಗಡಿಗರು ಈ ಹೋಲಿಕೆ ಮಾಡಿದಾಗ, ಯಂಗರ್ ಡ್ರೈಯಸ್ ಎಂಬ ಆ ಶೀತ ಅವಧಿಯಲ್ಲಿ ಉತ್ತರ ಅಟ್ಲಾಂಟಿಕ್‌ನಲ್ಲಿ ವ್ಯತ್ಯಾಸ 400 ಅಲ್ಲ, 700ರಿಂದ 800 ವರ್ಷ ಎಂದು ಕಂಡಿತು. ಅಂದರೆ ಇಂದಿನ ಅಂತರವನ್ನೇ ಅಂದಿಗೂ ಹಚ್ಚಿದ್ದರೆ, ಕಡಲು ನೆಲಕ್ಕಿಂತ ಮುನ್ನೂರು ನಾನೂರು ವರ್ಷ ಮೊದಲೇ ಬದಲಾಯಿತೆಂಬ ಸುಳ್ಳು ತೀರ್ಮಾನಕ್ಕೆ ಬರಬಹುದಿತ್ತು.

ಬೂದಿಗೂ ತನ್ನದೇ ತೊಡಕುಗಳಿವೆ. ಹಿಮಗಡ್ಡೆಯ ಮೇಲೆ ಬಿದ್ದ ಬೂದಿ ಅದರೊಂದಿಗೆ ತೇಲಿಹೋಗಿ, ಗಡ್ಡೆ ಕರಗಿದ ಮೇಲೆ ಬೇರೆಡೆ, ತಡವಾಗಿ ತಳ ಸೇರಬಹುದು. ಇಳಿಜಾರಿನಲ್ಲಿ ಕೆಸರು ಜಾರಿದರೆ ಹಳೆಯ ಬೂದಿ ಹೊಸ ಕೆಸರಿನ ಮೇಲೆ ಬಂದು ಕೂರಬಹುದು. ಎಷ್ಟೋ ಕಡೆ ಪದರ ಕಣ್ಣಿಗೆ ಕಾಣುವುದೇ ಇಲ್ಲ. ಒಂದೊಂದು ಸೆಂಟಿಮೀಟರ್ ಕೆಸರನ್ನೂ ಜರಡಿಯಾಡಿ, ಭಾರದ್ರವದಲ್ಲಿ ಗಾಜನ್ನು ತೇಲಿಸಿ ತೆಗೆದು, ಕೂದಲೆಳೆಯ ದಪ್ಪದ ಚೂರುಗಳನ್ನು ಕೈಯಿಂದ ಎಣಿಸಬೇಕಾಗುತ್ತದೆ. ಎಣಿಕೆ ಎಲ್ಲಿ ತಟ್ಟನೆ ಏರುತ್ತದೆಯೋ ಅಲ್ಲಿ ಬೂದಿ ಬಿದ್ದ ಮಟ್ಟವನ್ನು ಹುಡುಕುತ್ತಾರೆ. ವಾರಗಟ್ಟಲೆ ಹಿಡಿಯುವ ಈ ತಾಳ್ಮೆಯ ಕೆಲಸವನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ.

ಪ್ರಶ್ನೆ: ತೋಬಾ ಸ್ಫೋಟದಿಂದ ಜಗತ್ತಿಗೆ ಸಾವಿರ ವರ್ಷ ಚಳಿ ಕವಿದು ಮನುಷ್ಯಕುಲವೇ ಅಳಿವಿನ ಅಂಚಿಗೆ ಬಂದಿತ್ತೆಂದು ಹೇಳುತ್ತಾರೆ. ಕಡಲಿನ ಕೆಸರು ಇದನ್ನು ಒಪ್ಪುತ್ತದೆಯೇ? ನಮ್ಮ ನೆಲದ ಮೇಲೆ ಆ ಬೂದಿ ಎಲ್ಲಾದರೂ ಇದೆಯೇ?
– ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಅಷ್ಟು ದೊಡ್ಡ ಮಾತನ್ನು ಕೆಸರು ಒಪ್ಪುವುದಿಲ್ಲ ಎಂದೇ ನನ್ನ ತಿಳಿವಳಿಕೆ. ಅರಬ್ಬೀ ಸಮುದ್ರದ ಈಶಾನ್ಯ ಭಾಗದಲ್ಲಿ ಕೆಸರು ಬೇಗಬೇಗ ಸೇರುವುದರಿಂದ ಅಲ್ಲಿಯ ಕೋರ್‌ಗಳಲ್ಲಿ ಹವಾಮಾನದ ಸಣ್ಣ ಏರಿಳಿತಗಳೂ ಉಳಿದಿವೆ. ಶುಲ್ಟ್ಸ್ ಮತ್ತು ಸಂಗಡಿಗರು 1998ರಲ್ಲಿ ಅಲ್ಲಿಯ ಏರಿಳಿತಗಳು ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಕಂಡವುಗಳೊಂದಿಗೆ ಹೆಜ್ಜೆಗೆ ಹೆಜ್ಜೆ ಕೂಡುತ್ತವೆ ಎಂದು ತೋರಿಸಿದರು. ತೋಬಾದ ಬೂದಿ ಅಲ್ಲಿ ಒಂದು ಬೆಚ್ಚನೆಯ ಘಟ್ಟ ಮುಗಿದು ಶೀತ ಘಟ್ಟಕ್ಕೆ ತಿರುಗುವ ಹೊತ್ತಿನಲ್ಲಿದೆ. ಬೂದಿಯ ನಂತರ ಚಳಿ ಬಂದದ್ದು ನಿಜ. ಆದರೆ ಅದೇ ಕೋರ್‌ಗಳಲ್ಲಿ ಅಂಥದೇ ಶೀತ ಘಟ್ಟಗಳು ಯಾವ ಮಹಾಸ್ಫೋಟವೂ ಇಲ್ಲದೆ ಮತ್ತೆಮತ್ತೆ ಬಂದುಹೋಗಿವೆ. ಹೀಗಿರುವಾಗ ಈ ಒಂದಕ್ಕೆ ಮಾತ್ರ ತೋಬಾವನ್ನು ಹೊಣೆ ಮಾಡುವುದು ಕಷ್ಟ. ಇನ್ನೊಂದೆಡೆ, ಬಂಗಾಳ ಕೊಲ್ಲಿಯ ಕೋರ್ ಒಂದರ ಪರಾಗವನ್ನು ಪರಿಶೀಲಿಸಿದ ಮಾರ್ಟಿನ್ ವಿಲಿಯಮ್ಸ್ ಮತ್ತು ಸಂಗಡಿಗರು, ಬೂದಿಯ ಮೇಲಿನ ಪದರಗಳಲ್ಲಿ ಮರಗಳು ಕಡಿಮೆಯಾಗಿ ಹುಲ್ಲುನೆಲ ಹೆಚ್ಚಿದ್ದನ್ನು 2009ರಲ್ಲಿ ವರದಿ ಮಾಡಿದರು. 2013ರಲ್ಲಿ ಸುಮಾರು 7,000 ಕಿ.ಮೀ. ದೂರದ ಆಫ್ರಿಕಾದ ಮಲಾವಿ ಸರೋವರದಲ್ಲಿ ತೋಬಾದ ಗಾಜುಚೂರು ಪತ್ತೆಯಾದಾಗ, ಆ ಮಟ್ಟದ ಸುತ್ತಲಿನ ಹೂಳಿನಲ್ಲಿ ಗಮನಾರ್ಹ ಚಳಿಯ ಕುರುಹು ಕಾಣಲಿಲ್ಲ. ಬೂದಿಯ ಗೆರೆ ‘ಮೊದಲು’ ಯಾವುದು, ‘ಆಮೇಲೆ’ ಯಾವುದು ಎಂಬುದನ್ನು ಸ್ಪಷ್ಟವಾಗಿ ಹೇಳುತ್ತದೆ, ‘ಅದರಿಂದಾಗಿ’ ಎಂಬುದನ್ನು ಹೇಳುವುದಿಲ್ಲ. ಈ ಎರಡನ್ನು ಬೆರೆಸಿದ್ದರಿಂದಲೇ ಸಾವಿರ ವರ್ಷದ ಚಳಿಯ ಕಥೆ ಅಷ್ಟು ಬೆಳೆಯಿತು.

ಅದೇ ಬೂದಿ ಮಳೆಗಾಲದ ಗಾಳಿಯ ಬಗ್ಗೆಯೂ ಒಂದು ಸುಳಿವು ಕೊಟ್ಟಿದೆ. ಅದು ಪಶ್ಚಿಮಕ್ಕೆ ಭಾರತದ ಕಡೆಗೆ ಬಂದಿರುವಂತೆಯೇ ಈಶಾನ್ಯಕ್ಕೆ ದಕ್ಷಿಣ ಚೀನಾ ಸಮುದ್ರದಲ್ಲೂ ಬಿದ್ದಿದೆ. ಮೇಲೆ ಪೂರ್ವದ ಗಾಳಿ, ಕೆಳಗೆ ನೈರುತ್ಯದ ಗಾಳಿ ಏಕಕಾಲಕ್ಕೆ ಬೀಸುವುದು ಮುಂಗಾರಿನ ತಿಂಗಳುಗಳಲ್ಲಿ. ಆದ್ದರಿಂದ ಸ್ಫೋಟ ಆ ಋತುವಿನಲ್ಲಿ ಆಗಿರಬೇಕೆಂದು 2000ದಲ್ಲಿ ಇಬ್ಬರು ಜರ್ಮನ್ ಸಂಶೋಧಕರು ತರ್ಕಿಸಿದರು.

ನೆಲದ ಮೇಲಿನ ಬೂದಿಯನ್ನು ನೋಡಲು ನೀವು ಬಹಳ ದೂರ ಹೋಗಬೇಕಿಲ್ಲ. ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಅದು ಎರಡೂವರೆ ಮೀಟರಿನಷ್ಟು ದಪ್ಪವಾಗಿದೆ; ಅಲ್ಲಿಯ ಜನ ಅದನ್ನು ಪಾತ್ರೆ ತೊಳೆಯುವ ಪುಡಿಗಾಗಿ ಅಗೆದು ಒಯ್ಯುತ್ತಿದ್ದರು. ನಿಮ್ಮ ಊರಿನ ಕರ್ನಾಟಕ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞ ರವಿ ಕೋರಿಶೆಟ್ಟರ್ ಅವರು ಮೈಕಲ್ ಪೆಟ್ರಾಗ್ಲಿಯಾ ಮತ್ತಿತರರೊಂದಿಗೆ ಅಲ್ಲಿ ಅಗೆತ ನಡೆಸಿ, ಬೂದಿಯ ಕೆಳಗೂ ಮೇಲೂ ಒಂದೇ ಬಗೆಯ ಕಲ್ಲಿನ ಉಪಕರಣಗಳು ಸಿಗುತ್ತವೆಂದು 2007ರಲ್ಲಿ ಪ್ರಕಟಿಸಿದರು. ಸ್ಫೋಟಕ್ಕೆ ಮುಂಚೆ ಅಲ್ಲಿದ್ದ ಜನರ ಬದುಕು ಆಮೇಲೆಯೂ ಮುಂದುವರಿದಿರಬಹುದೆಂದು ಅದು ಸೂಚಿಸುತ್ತದೆ. ಆ ಎರಡೂವರೆ ಮೀಟರ್ ಬೂದಿಯೆಲ್ಲ ಆಕಾಶದಿಂದ ನೇರವಾಗಿ ಬಿದ್ದದ್ದಲ್ಲ. ಬಿದ್ದದ್ದು ಕೆಲವೇ ಸೆಂಟಿಮೀಟರ್. ಉಳಿದದ್ದು ಸುತ್ತಲಿನ ಇಳಿಜಾರುಗಳಿಂದ ಮಳೆನೀರಿನೊಂದಿಗೆ ಹರಿದುಬಂದು ತಗ್ಗಿನಲ್ಲಿ ನಿಂತದ್ದು. ಆದ್ದರಿಂದ ಅಲ್ಲಿ ಕಾಲವನ್ನು ಓದುವವರು ಆ ದಪ್ಪ ರಾಶಿಯನ್ನು ಬಿಟ್ಟು, ಅದರ ಬುಡದ ತೆಳು ಪದರವನ್ನೇ ಹುಡುಕುತ್ತಾರೆ.