ಸಂಪಾದಕರ ಉತ್ತರ: ಚಿತ್ರಕ್ಕೆ ಬೆನ್ನು ಹಾಕಿ ಕೂತ ಸಭೆ

ಸಣ್ಣ ಕಲಾ ಸಂಗ್ರಹಾಲಯವೊಂದರಲ್ಲಿ ಸ್ವಯಂಸೇವಕರಾಗಿರುವ ಓದುಗರೊಬ್ಬರು ಬರೆದಿದ್ದಾರೆ. ಉಪನ್ಯಾಸ, ಸಂಗೀತ ಕಚೇರಿ, ಮಕ್ಕಳು ಮತ್ತು ಪೋಷಕರಿಗೆ ಚಟುವಟಿಕೆ ಎಂದು ಮೂರು ಬಗೆಯ ಕಾರ್ಯಕ್ರಮ ಇಟ್ಟುಕೊಂಡರೂ ಒಂದೂ ಕೈಹಿಡಿಯುತ್ತಿಲ್ಲವಂತೆ. ಭಾಷಣ ಹಿಂದಿನ ಸಾಲಿಗೆ ಅರ್ಥವಾಗುವುದಿಲ್ಲ. ಕಚೇರಿ ಎಂದರೆ ಕೃತಿಗಳು ಕೆಡದಂತೆ ನೋಡಿಕೊಳ್ಳುವ ಸಂರಕ್ಷಣಾ ವಿಭಾಗದವರು ತಕರಾರು ತೆಗೆಯುತ್ತಾರೆ. ಮಕ್ಕಳು ಬಣ್ಣದ ಕಾಗದ ಅಂಟಿಸಿ, ಒಂದು ಚಿತ್ರವನ್ನೂ ನೋಡದೆ ಮನೆಗೆ ಹೋಗುತ್ತಾರೆ. “ಇವೆಲ್ಲ ಬೇಕೇ? ಬೇಕಿದ್ದರೆ ಯಾವುದರಿಂದ ಶುರು ಮಾಡಬೇಕು?” ಎಂಬುದು ಅವರ ಪ್ರಶ್ನೆ.

ಖಂಡಿತ ಬೇಕು. ಆದರೆ ನಿಮ್ಮ ಮೂರೂ ತೊಂದರೆಗಳ ಬೇರು ಒಂದೇ. ವಕ್ತಾರರು ಮೊದಲು ಸಿಗುತ್ತಾರೆ, ದಿನಾಂಕ ಗೊತ್ತಾಗುತ್ತದೆ, ಕೊನೆಗೆ ಖಾಲಿ ಇರುವ ಗ್ಯಾಲರಿಯಲ್ಲಿ ಕುರ್ಚಿ ಹಾಕಲಾಗುತ್ತದೆ. ಈ ಕ್ರಮವನ್ನು ತಿರುಗಿಸಿ. ಮೊದಲು ಗೋಡೆಯ ಮೇಲಿನ ಒಂದು ಕೃತಿಯನ್ನು ಆರಿಸಿಕೊಳ್ಳಿ, ಆಮೇಲೆ ಅದಕ್ಕೆ ತಕ್ಕ ಮಾತು, ಸಂಗೀತ ಅಥವಾ ಆಟವನ್ನು ಹುಡುಕಿ. ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಉಪನ್ಯಾಸದ ಸದ್ದಿನ ವಿಷಯ ಮೊದಲು ನೋಡೋಣ. ಕಲ್ಲಿನ ನೆಲ, ಬೋಳು ಗೋಡೆ, ಎತ್ತರದ ಚಾವಣಿ ಇರುವ ಕೋಣೆಯಲ್ಲಿ ಒಂದು ಅಕ್ಷರದ ಮೊಳಗು ಆರುವ ಮೊದಲೇ ಮುಂದಿನ ಅಕ್ಷರ ಬಂದು ಅದರ ಮೇಲೆ ಬೀಳುತ್ತದೆ. ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಮೊಳಗು ಆರಲು ಹಿಡಿಯುವ ಸಮಯವನ್ನು ಅಂದಾಜು ಮಾಡುವುದು ಸುಲಭ. ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಸದ್ದು ಹೀರುವ ಒಟ್ಟು ವಿಸ್ತೀರ್ಣದಿಂದ ಭಾಗಿಸಿದರೆ ಸಾಕು. 15 ಮೀಟರ್ ಉದ್ದ, 10 ಮೀಟರ್ ಅಗಲ, 5 ಮೀಟರ್ ಎತ್ತರದ ಕೋಣೆ ಎಂದರೆ 750 ಘನ ಮೀಟರ್. ಖಾಲಿ ಇರುವಾಗ ಅದು 40 ಚದರ ಮೀಟರಿನಷ್ಟು ಹೀರುತ್ತದೆ ಎಂದುಕೊಂಡರೆ ಮೊಳಗು ಸುಮಾರು 3 ಸೆಕೆಂಡ್ ನಿಲ್ಲುತ್ತದೆ. ಕೂತ ಮನುಷ್ಯನೊಬ್ಬ ಹೆಚ್ಚುಕಡಿಮೆ 0.45 ಚದರ ಮೀಟರ್ ಹೀರುತ್ತಾನೆ. 80 ಜನ ಬಂದು ಕೂತರೆ ಅದು 1.6 ಸೆಕೆಂಡಿಗೆ ಇಳಿಯುತ್ತದೆ. ಜೊತೆಗೆ, ಅರ್ಧದಷ್ಟು ಸದ್ದು ಹೀರುವ ದಪ್ಪ ಪರದೆ 30 ಚದರ ಮೀಟರ್ ಕಟ್ಟಿದರೆ 1.3. ಮಾತಿಗೆ 1 ಸೆಕೆಂಡಿನ ಆಸುಪಾಸು ಇದ್ದರೆ ಹಿತ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಖಾಲಿ ಕೋಣೆಯಲ್ಲಿ ಮೈಕ್ ಪರೀಕ್ಷಿಸಿ ಗಾಬರಿಪಡಬೇಕಿಲ್ಲ. ಹಾಗೆಯೇ, ನೂರು ಜನರ ಕೋಣೆಗೆ ಹದಿನೈದು ಜನ ಬಂದ ದಿನ ಅದೇ ವ್ಯವಸ್ಥೆ ಕೆಡುತ್ತದೆ. ಅಂಥ ದಿನ ಚಿಕ್ಕ ಕೋಣೆಗೆ ಹೋಗಿ. ವಾಲ್ಯೂಮ್ ಏರಿಸುವುದಂತೂ ಮದ್ದಲ್ಲ, ಮಾತಿನ ಜೊತೆ ಮೊಳಗೂ ಅಷ್ಟೇ ಏರುತ್ತದೆ. ಮುಂದೆ ಎರಡು ದೊಡ್ಡ ಸ್ಪೀಕರ್ ಇಡುವ ಬದಲು ಕೇಳುಗರ ಹತ್ತಿರ ನಾಲ್ಕು ಚಿಕ್ಕವನ್ನು ಇಟ್ಟು, ಸದ್ದು ತಗ್ಗಿಸಿ, ಅವುಗಳ ಮುಖ ಗೋಡೆಯ ಕಡೆಗಲ್ಲದೆ ಜನರ ಕಡೆಗೆ ತಿರುಗಿಸಿ. ಮೈಕ್ ಬಾಯಿಂದ ಗೇಣು ದೂರ ಮೀರಬಾರದು. ವಕ್ತಾರರು ಚಿತ್ರ ತೋರಿಸುವ ಸ್ಕ್ರೀನಿನ ಕಡೆ ತಿರುಗಿ ಮಾತಾಡುವ ಅಭ್ಯಾಸದವರಾದರೆ ತಲೆಗೆ ಸಿಕ್ಕಿಸುವ ಮೈಕೇ ವಾಸಿ.

ಮೂಲಕೃತಿ ಪಕ್ಕದ ಕೋಣೆಯಲ್ಲಿರುವಾಗ ಕತ್ತಲು ಮಾಡಿ ಅದರ ಫೋಟೊ ತೋರಿಸುವ ಉಪನ್ಯಾಸ ನಮಗೆ ಸರಿಕಾಣುವುದಿಲ್ಲ. ಅರ್ಧ ಗಂಟೆ ಮಾತು, ಆಮೇಲೆ ಎದ್ದುಹೋಗಿ ಚಿತ್ರದ ಮುಂದೆ ಕಾಲು ಗಂಟೆ ಎಂದು ಹಂಚಿಕೊಳ್ಳಿ. ಚಿತ್ರದ ಮುಂದೆ ಒಮ್ಮೆಗೆ ಇಪ್ಪತ್ತು ಜನಕ್ಕಿಂತ ಹೆಚ್ಚು ನಿಂತರೆ ಹಿಂದಿನವರಿಗೆ ತಲೆಗಳಷ್ಟೇ ಕಾಣುತ್ತವೆ.

ಕಚೇರಿಯ ವಿಷಯದಲ್ಲಿ ಸಂರಕ್ಷಣೆಯವರ ಪರವಾಗಿಯೇ ಮಾತಾಡಬೇಕಾಗುತ್ತದೆ. 1939ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಪಿಯಾನೋ ವಾದಕಿ ಮೈರಾ ಹೆಸ್ ಶುರು ಮಾಡಿದ ಮಧ್ಯಾಹ್ನದ ಕಚೇರಿಗಳು 1946ರವರೆಗೆ ನಡೆದವು. ಆಗ ಬಾಂಬಿನ ಭಯದಿಂದ ಅಲ್ಲಿನ ಚಿತ್ರಗಳನ್ನೆಲ್ಲ ಬೇರೆಡೆಗೆ ಸಾಗಿಸಲಾಗಿತ್ತು. ನಿಮ್ಮ ಗೋಡೆ ಖಾಲಿ ಇಲ್ಲ. ಸುಮ್ಮನೆ ಕೂತ ವ್ಯಕ್ತಿಯ ಉಸಿರು ಮತ್ತು ಬೆವರಿನಿಂದ ಗಂಟೆಗೆ ಸುಮಾರು 50 ಗ್ರಾಂ ನೀರಾವಿ, ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಬೀಳುತ್ತದೆ. 80 ಜನ ಒಂದೂವರೆ ಗಂಟೆ ಕೂತರೆ ಕೋಣೆಯ ಗಾಳಿಗೆ 6 ಲೀಟರ್ ನೀರು ಸುರಿದಂತೆ. ಗಾಳಿಯ ತೇವ ಏರಿದಾಗ ಚಿತ್ರ ಬರೆದ ಮರದ ಹಲಗೆ ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಅದರ ಮೇಲಿನ ಗಡಸು ಬಣ್ಣದ ಪದರ ಅಷ್ಟು ಬಾಗಲಾರದೆ ಬಿರುಕು ಬಿಡುತ್ತದೆ. ಕೆಡಿಸುವುದು ಮುಖ್ಯವಾಗಿ ಈ ಏರಿಳಿತವೇ. ಆದ್ದರಿಂದ ಕಚೇರಿ ಮುಗಿದ ಕೂಡಲೇ ಏಸಿ ನಿಲ್ಲಿಸಬೇಡಿ, ತೇವಾಂಶ ಮೊದಲಿನ ಮಟ್ಟಕ್ಕೆ ಬರುವವರೆಗೆ ನಡೆಯಲಿ. ಹಲಗೆಯ ಮೇಲಿನ ಚಿತ್ರಗಳಿರುವ ಕೋಣೆಯನ್ನಂತೂ ಕಚೇರಿಗೆ ಬಳಸಲೇಬೇಡಿ.

ಕಂಪನ ಇನ್ನೊಂದು ಚಿಂತೆ. ಪಿಟೀಲು, ಕೊಳಲು, ಮೈಕಿಲ್ಲದ ಗಾಯನ ಇವುಗಳಿಂದ ಅಪಾಯ ಕಡಿಮೆ. ಸ್ಪೀಕರಿನಿಂದ ಬರುವ ಬೇಸ್ ಸದ್ದು, ದೊಡ್ಡ ಡ್ರಮ್ ನೆಲ ಮತ್ತು ಗೋಡೆಯನ್ನೇ ಅಲುಗಿಸುತ್ತವೆ. ಒಣ ಬಣ್ಣದ ಕಡ್ಡಿಯಿಂದ ಬರೆದ ಪ್ಯಾಸ್ಟೆಲ್ ಚಿತ್ರದಲ್ಲಿ ಬಣ್ಣ ಕಾಗದಕ್ಕೆ ಹೆಚ್ಚುಕಡಿಮೆ ಪುಡಿಯಾಗಿಯೇ ಅಂಟಿಕೊಂಡಿರುತ್ತದೆ. ಇದ್ದಿಲಿನ ಚಿತ್ರವೂ ಹಾಗೇ. ಅಲುಗಿದರೆ ಉದುರುತ್ತದೆ. ಗಾಜಿನ ಪೆಟ್ಟಿಗೆಯೊಳಗಿನ ಸಣ್ಣ ಪ್ರತಿಮೆಗಳು ಕೂದಲೆಳೆಯಷ್ಟೇ ಜರುಗುತ್ತಾ ಅಂಚಿಗೆ ಬರುವುದೂ ಉಂಟು. ತಾಲೀಮಿನ ಹೊತ್ತಿಗೆ ಒಬ್ಬರು ಪೆಟ್ಟಿಗೆಯ ಚೌಕಟ್ಟಿಗೆ ಬೆರಳು ತಾಗಿಸಿ ನಿಲ್ಲಲಿ. ಬೆರಳಿಗೆ ನಡುಕ ತಿಳಿದರೆ ಆ ವಾದ್ಯ ಅಲ್ಲಿಗೆ ಬೇಡ.

ಕೊನೆಯ ಸಾಲಿನ ಕುರ್ಚಿ ಗೋಡೆಯಿಂದ ಒಂದೂವರೆ ಮೀಟರ್ ದೂರ ಇರಲಿ. ವಾದ್ಯದ ಪೆಟ್ಟಿಗೆಗಳನ್ನು ಗೋಡೆಗೆ ಒರಗಿಸದಂತೆ ಮೊದಲೇ ಬೇರೆ ಕೋಣೆ ತೋರಿಸಿ. ವೇದಿಕೆಗೆ ಹೂವು ಬೇಡ, ಹುಳು ಬರುತ್ತದೆ. ದೀಪ, ಮೇಣದ ಬತ್ತಿ ಬೇಡ, ಮಸಿ ಕೂರುತ್ತದೆ. ವಿಡಿಯೋ ಮಾಡುವವರು ತರುವ ಲೈಟಿನ ಬಗ್ಗೆ ಎಚ್ಚರವಿರಲಿ. ಕಾಗದದ ಮೇಲಿನ ಕೃತಿಗೆ ಸಾಮಾನ್ಯವಾಗಿ ಇಡುವ ಮಿತಿ 50 ಲಕ್ಸ್ (ಮೇಲೆ ಬೀಳುವ ಬೆಳಕಿನ ಅಳತೆ). 500 ಲಕ್ಸಿನ ಒಂದು ಗಂಟೆ, ಆ ಕೃತಿಯ ಲೆಕ್ಕದಲ್ಲಿ ಹತ್ತು ಗಂಟೆಯ ಪ್ರದರ್ಶನ.

ಇನ್ನು ಮಕ್ಕಳು. ಐದು ವರ್ಷದ ಮಗುವಿನ ಕಣ್ಣು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿರುತ್ತದೆ. ಚಿತ್ರದ ನಡುಭಾಗ ಒಂದೂವರೆ ಮೀಟರಿನಲ್ಲಿ. ಚಟುವಟಿಕೆಗೆ ಚಿತ್ರ ಆರಿಸುವ ಮೊದಲು ಅದರ ಮುಂದೆ ಮಂಡಿಯೂರಿ ನೋಡಿ. ನಿಮಗೆ ಸ್ಪಷ್ಟವಾಗಿ ಕಂಡ ಚಿತ್ರ ಅಲ್ಲಿಂದ ಬರೀ ಬಲ್ಬಿನ ಹೊಳಪಾಗಿರಬಹುದು. ಮಕ್ಕಳನ್ನು ಎರಡು ಮೀಟರ್ ಹಿಂದೆ ಕೂರಿಸಿದರೆ ಎಷ್ಟೋ ಸಲ ಆ ಹೊಳಪು ಜಾರುತ್ತದೆ.

“ಹತ್ತು ಪ್ರಾಣಿ ಹುಡುಕಿ, ಟಿಕ್ ಹಾಕಿ” ಎನ್ನುವ ಹಾಳೆ ಕೊಡಬೇಡಿ. ಮಕ್ಕಳು ಟಿಕ್ ಹಾಕುತ್ತಾ ಓಡುತ್ತಾರೆ, ಹುಲಿ ಸಿಕ್ಕ ಮೇಲೆ ಚಿತ್ರದ ಉಳಿದ ಭಾಗ ಯಾರಿಗೂ ಬೇಡ. ಮನೋವಿಜ್ಞಾನಿ ಅಬಿಗೇಲ್ ಹೌಸೆನ್ ಮತ್ತು ಸಂಗ್ರಹಾಲಯ ಶಿಕ್ಷಣತಜ್ಞ ಫಿಲಿಪ್ ಯೆನವೈನ್ ರೂಪಿಸಿದ ಕ್ರಮದಲ್ಲಿ ಇರುವುದು ಮೂರೇ ಪ್ರಶ್ನೆ: ಈ ಚಿತ್ರದಲ್ಲಿ ಏನು ನಡೀತಿದೆ? ಏನು ನೋಡಿ ಹಾಗೆ ಹೇಳ್ತಿದ್ದೀಯ? ಇನ್ನೂ ಏನೇನು ಕಾಣುತ್ತೆ? ಎರಡನೆಯದನ್ನು ಬಿಡಲೇಬೇಡಿ. ಮಗು ಮತ್ತೆ ಚಿತ್ರದತ್ತ ತಿರುಗುವುದು ಆ ಪ್ರಶ್ನೆಗೇ. ಹೀಗೆ ಎಂಟು ನಿಮಿಷ ನೋಡಿದ ಮೇಲೆ ಎಲ್ಲರೂ ಬೆನ್ನು ತಿರುಗಿಸಿ ನೆನಪಿನಿಂದ ಆ ಚಿತ್ರ ಬಿಡಿಸಲಿ, ಮತ್ತೆ ತಿರುಗಿ ಬಿಟ್ಟುಹೋದದ್ದನ್ನು ಹುಡುಕಲಿ. ಅಪ್ಪ ಅಮ್ಮಂದಿರಿಗೂ ಒಂದೊಂದು ಹಾಳೆ ಕೊಡಿ. ಇಲ್ಲದಿದ್ದರೆ ಅವರು ಮಗುವಿನ ಕೈಹಿಡಿದು ತಿದ್ದಲು ಕೂರುತ್ತಾರೆ.

ಗ್ಯಾಲರಿಯೊಳಗೆ ಪೆನ್ಸಿಲ್ ಮಾತ್ರ. ಕತ್ತರಿ, ಅಂಟು, ನೀರು, ಬಣ್ಣ ಎಲ್ಲ ಬೇರೆ ಕೋಣೆಗೆ. ಮಿನುಗುಪುಡಿಯನ್ನು ಕಟ್ಟಡದೊಳಗೇ ಬಿಡಬೇಡಿ, ಬಟ್ಟೆಗೆ ಅಂಟಿ ಎಲ್ಲ ಕೋಣೆಗೂ ಹರಡುತ್ತದೆ.

ಯಾವುದರಿಂದ ಶುರು ಎಂದು ಕೇಳಿದ್ದೀರಿ. ಒಂದೇ ಚಿತ್ರದ ಮುಂದೆ ಇಪ್ಪತ್ತು ನಿಮಿಷದ ಮಾತಿನಿಂದ. ನಾವು ಮೇಲೆ ಹೇಳಿದ ಲಂಡನ್ನಿನ ಗ್ಯಾಲರಿಯೇ 1942ರಿಂದ ತಿಂಗಳಿಗೊಂದು ಚಿತ್ರವನ್ನು ವಾಪಸು ತಂದು ಜನರಿಗೆ ತೋರಿಸಿತು. ಪ್ರತಿ ತಿಂಗಳೂ ಅದೇ ವಾರ, ಅದೇ ಹೊತ್ತು ಇರಲಿ, ಮಡಚುವ ಸ್ಟೂಲ್ ಹನ್ನೆರಡು ಸಾಕು. ಆರು ತಿಂಗಳ ಮಟ್ಟಿಗೆ ಬಂದವರ ತಲೆಯೆಣಿಕೆಯ ಜೊತೆಗೆ, ಮಾತು ಮುಗಿದ ಹತ್ತು ನಿಮಿಷದ ನಂತರವೂ ಗ್ಯಾಲರಿಯಲ್ಲೇ ಉಳಿದವರೆಷ್ಟು ಎಂದು ಬರೆದಿಡಿ. ಎರಡನೆಯ ಸಂಖ್ಯೆ ಏರುತ್ತಿದ್ದರೆ ಆಗ ಮಕ್ಕಳ ಚಟುವಟಿಕೆ ಸೇರಿಸಿ. ಕಚೇರಿ ಎಲ್ಲಕ್ಕಿಂತ ಕೊನೆಗೆ, ಸಂರಕ್ಷಣೆಯವರನ್ನು ಮೊದಲ ಸಭೆಗೇ ಕರೆದು.